ತಮಟೆಯ ಪೆಟ್ಟು, ಯಂತ್ರದ ಲೆಕ್ಕ

ಕರಗ ಹೊರಡುವ ಮುನ್ನ ತಮಟೆಯವರು ಬೀದಿಯ ಬದಿಯಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚಿ ವಾದ್ಯವನ್ನು ಕಾಯಿಸುವುದನ್ನು ಕೋಲಾರ, ಮಾಲೂರು ಕಡೆಯ ಮಕ್ಕಳು ನೋಡಿಯೇ ಇರುತ್ತಾರೆ. ಕಾಯಿಸುವುದೇಕೆ? ಚರ್ಮವು ಗಾಳಿಯ ತೇವವನ್ನು ಹೀರಿಕೊಂಡಾಗ ಸಡಿಲವಾಗುತ್ತದೆ. ಬಿಸಿ ತಗುಲಿ ತೇವ ಆರಿದಾಗ ಕುಗ್ಗಿ ಬಿಗಿಯಾಗುತ್ತದೆ. ಬಿಗಿದ ಪೊರೆಯ ಕಂಪನದ ಆವೃತ್ತಿಯು ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಆವೃತ್ತಿ ಎರಡು ಪಟ್ಟಾಗುತ್ತದೆ. ಮೆರವಣಿಗೆ ನಾಲ್ಕು ಬೀದಿ ಸುತ್ತುವಷ್ಟರಲ್ಲಿ ಚರ್ಮ ಮತ್ತೆ ಸಡಿಲವಾಗುತ್ತದೆ, ಮತ್ತೆ ಬೆಂಕಿ ಬೇಕಾಗುತ್ತದೆ.

ವೃತ್ತಾಕಾರದ ಸಾದಾ ಪೊರೆಯ ಕಂಪನಗಳು 1 : 1.59 : 2.14 : 2.30 ಎಂಬಂತಹ ಅನುಪಾತಗಳಲ್ಲಿರುತ್ತವೆ. ಇವು ಪೂರ್ಣಾಂಕಗಳಲ್ಲವಾದ್ದರಿಂದ ಕಿವಿಗೆ ಖಚಿತವಾದ ಸ್ವರ ಸಿಗುವುದಿಲ್ಲ. ಮೃದಂಗದ ನಡುವೆ ಹಚ್ಚುವ ಕರಣೆ ಈ ಅನುಪಾತಗಳನ್ನು ಹೆಚ್ಚುಕಡಿಮೆ ಪೂರ್ಣಾಂಕಗಳಿಗೆ ತರುತ್ತದೆಂಬುದನ್ನು ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿದರು. ತಮಟೆಗೆ ಕರಣೆಯಿಲ್ಲ. ಹಾಗಾಗಿ ಅದರ ಸಂಗೀತವೆಲ್ಲ ಪೆಟ್ಟಿನ ಕಾಲ ಮತ್ತು ಬಲದಲ್ಲಿದೆ. ಅಂದರೆ ಬಾರಿಸುವವರ ಮೈಯಲ್ಲಿದೆ.

ಈಗ ಮೈಯೇ ಇಲ್ಲದ ತಮಟೆಯೂ ಬಂದಿದೆ. ‘ಜಾತ್ರೆಯ ತಮಟೆ, ವೇಗದ ಲಯ’ ಎಂದು ಬೆರಳಚ್ಚಿಸಿದರೆ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಒಂದು ತುಣುಕನ್ನು ತಯಾರಿಸಿ ಕೊಡುತ್ತದೆ. ಕಂಪ್ಯೂಟರ್ ಸಂಗೀತ ರಚಿಸುವುದು ಹೊಸದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1957ರಲ್ಲೇ ‘ಇಲಿಯಾಕ್ ಸೂಟ್’ ಸಿದ್ಧವಾಗಿತ್ತು. ಅದಕ್ಕೆ ನಿಯಮಗಳನ್ನು ಮನುಷ್ಯರೇ ಬರೆದುಕೊಟ್ಟಿದ್ದರು. ಗೂಗಲ್ 2023ರಲ್ಲಿ ಪ್ರಕಟಿಸಿದ ‘ಮ್ಯೂಸಿಕ್ ಎಲ್‌ಎಂ’ನಂತಹ ಮಾದರಿಗಳು ಅಪಾರ ಧ್ವನಿಮುದ್ರಣಗಳನ್ನು ಸಣ್ಣ ಸಣ್ಣ ಸಂಕೇತಗಳಾಗಿ ಒಡೆದು, ಯಾವುದರ ನಂತರ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ತಾವೇ ಕಲಿಯುತ್ತವೆ. ಕೈ ಬಿಟ್ಟುಹೋದ ಗುರುತು ಅವಕ್ಕೆ ಸಿಗುತ್ತದೆ, ಕೈ ಸಿಗುವುದಿಲ್ಲ.

ಕೈ ಮಾಡುವ ಕೆಲಸವಾದರೂ ಎಂತಹುದು? ಸದ್ದು ಕೇಳಿದೊಡನೆ ಬೆರಳು ಒತ್ತಬೇಕೆಂದರೆ ನಮಗೆ ಸುಮಾರು 150 ಮಿಲಿಸೆಕೆಂಡ್ ಬೇಕು. ದಪ್ಪ ಕೋಲು, ತೆಳ್ಳನೆಯ ಕಡ್ಡಿ ಎರಡೂ ಸೇರಿ ಸೆಕೆಂಡಿಗೆ ಎಂಟು ಪೆಟ್ಟು ಹಾಕಿದರೆ ಪೆಟ್ಟುಗಳ ನಡುವಣ ಅಂತರ 125 ಮಿಲಿಸೆಕೆಂಡ್ ಮಾತ್ರ. ಹಿಂದಿನ ಪೆಟ್ಟನ್ನು ಕೇಳಿ ಮುಂದಿನದನ್ನು ತಿದ್ದಲು ಸಮಯವೇ ಇಲ್ಲ! ಮಿದುಳು ಮುಂಚಿತವಾಗಿ ಊಹಿಸಿ ಸ್ನಾಯುಗಳಿಗೆ ಆಜ್ಞೆ ಕಳಿಸಿರಬೇಕು. ಕಿರುಮೆದುಳಿಗೆ ಇದರಲ್ಲಿ ದೊಡ್ಡ ಪಾತ್ರವಿದೆ. ಸುಮ್ಮನೆ ಕುಳಿತು ಲಯವನ್ನು ಕೇಳುವಾಗಲೂ ಚಲನೆಗೆ ಸಂಬಂಧಿಸಿದ ಮಿದುಳಿನ ಭಾಗಗಳು ಚುರುಕಾಗುವುದನ್ನು ಗ್ರಾನ್ ಮತ್ತು ಬ್ರೆಟ್ 2007ರಲ್ಲಿ ತೋರಿಸಿದರು. ತಮಟೆ ಕೇಳಿದರೆ ಕಾಲು ತಾನಾಗಿ ಕುಣಿಯುತ್ತದೆ ಎನ್ನುವುದು ಬರಿಯ ಮಾತಲ್ಲ.

ಇನ್ನೊಂದು ಸಂಗತಿಯನ್ನು ನಿಮ್ಮ ತರಗತಿಯಲ್ಲೇ ಪರೀಕ್ಷಿಸಬಹುದು. ಸೆಕೆಂಡಿಗೆ ಎರಡರಂತೆ ಟಿಕ್ ಸದ್ದನ್ನು ಇಪ್ಪತ್ತು ಸೆಕೆಂಡ್ ಕೇಳಿಸಿ, ವಿದ್ಯಾರ್ಥಿ ಅದರೊಡನೆ ಮೇಜನ್ನು ತಟ್ಟಲಿ. ಸದ್ದನ್ನು ನಿಲ್ಲಿಸಿ, ತಟ್ಟುವುದು ಮೂವತ್ತು ಪೆಟ್ಟುಗಳವರೆಗೆ ಮುಂದುವರಿಯಲಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ, ‘ಅಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಅಂತರಗಳನ್ನು ಅಳೆದು ಬರೆದುಕೊಳ್ಳಿ. ಯಾವುದೂ ಕರಾರುವಾಕ್ಕಾಗಿ 500 ಮಿಲಿಸೆಕೆಂಡ್ ಇರುವುದಿಲ್ಲ. ಆದರೆ ಉದ್ದನೆಯ ಅಂತರದ ಬೆನ್ನಿಗೆ ಗಿಡ್ಡ ಅಂತರ ಬರುವುದು ಸಾಮಾನ್ಯ. ಏಕೆ? ವಿಂಗ್ ಮತ್ತು ಕ್ರಿಸ್ಟೋಫರ್ಸನ್ 1973ರಲ್ಲಿ ಕೊಟ್ಟ ವಿವರಣೆ ಸರಳವಾಗಿದೆ. ಮಿದುಳಿನ ಗಡಿಯಾರ ಆಜ್ಞೆ ಕೊಡುತ್ತದೆ, ಕೈ ಅದನ್ನು ಸ್ವಲ್ಪ ತಡವಾಗಿ ನೆರವೇರಿಸುತ್ತದೆ. ಈ ತಡ ಒಮ್ಮೊಮ್ಮೆ ಹೆಚ್ಚು, ಒಮ್ಮೊಮ್ಮೆ ಕಡಿಮೆ. ಒಂದು ಪೆಟ್ಟು 20 ಮಿಲಿಸೆಕೆಂಡ್ ತಡವಾಯಿತೆನ್ನಿ. ಅದರ ಹಿಂದಿನ ಅಂತರ ಅಷ್ಟು ಹಿಗ್ಗುತ್ತದೆ, ಮುಂದಿನದು ಅಷ್ಟೇ ಕುಗ್ಗುತ್ತದೆ. ಒಳಗಿನ ಗಡಿಯಾರ ಮಾತ್ರ ತನ್ನ ಪಾಡಿಗೆ ನಡೆದಿರುತ್ತದೆ. (ತಟ್ಟುವ ವೇಗವೇ ನಿಧಾನವಾಗಿ ಬದಲಾಗುತ್ತಿದ್ದರೆ ಈ ಫಲ ಮರೆಯಾಗಬಹುದು. ಎರಡು ಮೂರು ಮಂದಿಯಿಂದ ಮಾಡಿಸಿ.)

ಯಂತ್ರದ ತಾಳವನ್ನು ‘ಮಾನವೀಯ’ಗೊಳಿಸಲು ಕೆಲವು ತಂತ್ರಾಂಶಗಳು ಪೆಟ್ಟುಗಳನ್ನು ಮನಸ್ವಿಯಾಗಿ ಅತ್ತಿತ್ತ ಜರುಗಿಸುತ್ತವೆ. ಮನುಷ್ಯರ ತಪ್ಪು ಹಾಗೆ ಬಿಡಿಬಿಡಿಯಾಗಿರುವುದಿಲ್ಲ. ಈಗಿನ ಏರಿಳಿತಕ್ಕೂ ಎಷ್ಟೋ ಪೆಟ್ಟುಗಳ ಹಿಂದಿನ ಏರಿಳಿತಕ್ಕೂ ನಂಟಿರುತ್ತದೆ. ಹೆನ್ನಿಗ್ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಪ್ರಕಟಿಸಿದರು. ಕೇಳುಗರು ಮೆಚ್ಚಿದ್ದೂ ಇಂತಹ ನಂಟಿರುವ ಲಯವನ್ನೇ. ಇದೂ ಗಣಿತವೇ ಆದ್ದರಿಂದ ಯಂತ್ರ ಇದನ್ನೂ ಅನುಕರಿಸಬಲ್ಲದು. ಧ್ವನಿಮುದ್ರಣವನ್ನಷ್ಟೇ ಕೇಳಿ ಇದು ಮನುಷ್ಯರದು, ಇದು ಯಂತ್ರದ್ದು ಎಂದು ಗುರುತಿಸುತ್ತೇವೆಂಬ ಜಂಬ ನಮಗೆ ಬೇಡ.

ವ್ಯತ್ಯಾಸ ಬೀದಿಯಲ್ಲಿದೆ. ತಮಟೆಯವರ ಕಣ್ಣು ಕರಗ ಹೊತ್ತವರ ಕಾಲಿನ ಮೇಲಿರುತ್ತದೆ. ತಿರುವಿನಲ್ಲಿ ಹೆಜ್ಜೆ ತಡೆದರೆ ಲಯ ತಗ್ಗುತ್ತದೆ. ಲಯ ಏರಿದರೆ ಹೆಜ್ಜೆಯೂ ಏರುತ್ತದೆ. ಎಂಜಿನಿಯರುಗಳು ಇದನ್ನು ಹಿಮ್ಮಾಹಿತಿಯ ಆವರ್ತ ಎನ್ನುತ್ತಾರೆ. ದಣಿದ ಭುಜ, ಸಡಿಲವಾಗುತ್ತಿರುವ ಚರ್ಮ, ಒತ್ತುವ ಜನ ಎಲ್ಲವೂ ಆ ಆವರ್ತದೊಳಗಿವೆ. ಯಂತ್ರ ಕಲಿತ ಧ್ವನಿಮುದ್ರಣದಲ್ಲಿ ಪೆಟ್ಟು ಉಳಿದಿರುತ್ತದೆ, ಅದಕ್ಕೆ ಕಾರಣವಾದ ತಿರುವು ಉಳಿದಿರುವುದಿಲ್ಲ.

ಹೆಸರಿನ ತೊಡಕೂ ಇದೆ. ಮುಳಬಾಗಿಲು, ಶ್ರೀನಿವಾಸಪುರ ದಾಟಿ ಆಂಧ್ರಕ್ಕೆ ಹೋದರೆ ಇದರ ಹತ್ತಿರದ ನಂಟ ಡಪ್ಪು. ಮಾಲೂರಿನಿಂದ ತಮಿಳುನಾಡಿಗೆ ಹೋದರೆ ಪರೈ. ಸರಿಯಾದ ಹೆಸರು, ಊರು, ಸಂದರ್ಭ ನಮೂದಾಗದ ಮುದ್ರಣಗಳಿಂದ ಕಲಿತ ಯಂತ್ರ ಇವನ್ನೆಲ್ಲ ಕಲಸಿ ಕೊಟ್ಟರೆ ಆಶ್ಚರ್ಯವಿಲ್ಲ.

ತಮಟೆ ಬಾರಿಸುವ ಮೈಯನ್ನು ನಮ್ಮ ಸಮಾಜ ಗೌರವದಿಂದ ಕಂಡಿಲ್ಲವೆಂಬುದನ್ನೂ ಹೇಳಲೇಬೇಕು. ದಲಿತ ಕುಟುಂಬಗಳ ಮೇಲೆ ಸಾವಿನ ಮನೆಯ ಚಾಕರಿಯಾಗಿ ಹೇರಲಾಗಿದ್ದ ವಾದ್ಯವಿದು. ಅದನ್ನು ಕೆಳಗಿಟ್ಟ ಯುವಕರನ್ನು ಕಲೆ ಅಳಿಯಿತೆಂದು ದೂರುವುದು ನ್ಯಾಯವಲ್ಲ. ಅದೇ ವಾದ್ಯವನ್ನು ವೇದಿಕೆಗೆ ತಂದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರ ಊರು 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದೆ.

ಮೇಜು ತಟ್ಟುವ ಪ್ರಯೋಗ ಮುಗಿದ ಮೇಲೆ ಹತ್ತಿರದ ಊರಿನ ತಮಟೆ ಕಲಾವಿದರೊಬ್ಬರನ್ನು ಶಾಲೆಗೆ ಆಹ್ವಾನಿಸಿ. ಕಾಯಿಸುವ ಮುನ್ನ ಒಮ್ಮೆ, ಕಾಯಿಸಿದ ಮೇಲೆ ಒಮ್ಮೆ ಬಾರಿಸಲು ಕೇಳಿಕೊಂಡು, ಆವೃತ್ತಿಯನ್ನೂ ಅಂತರಗಳನ್ನೂ ಅಳೆದು ವಿದ್ಯಾರ್ಥಿಗಳ ಅಂಕಿಗಳೊಡನೆ ಹೋಲಿಸಿ ನೋಡಿ. ಒಣಹುಲ್ಲು, ಬೆಂಕಿಪೊಟ್ಟಣ, ಒಂದು ಬಕೆಟ್ ನೀರು ಮೈದಾನದಲ್ಲಿ ಸಿದ್ಧವಿರಲಿ. ಸಂಭಾವನೆಯನ್ನು ಮೊದಲೇ ಮಾತನಾಡಿಕೊಳ್ಳಿ.