ಹಡಗಲಿಯ ಹುಡುಗಿ ಡಾಕ್ಟರಾದರೆ ಎಲ್ಲಿ ನೆಲೆಸುತ್ತಾಳೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹಳೇ ಬಳ್ಳಾರಿ ಜಿಲ್ಲೆಯ ಈ ಪಶ್ಚಿಮ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಐದರಲ್ಲಿ ಒಂದರಲ್ಲೂ ವೈದ್ಯಕೀಯ ಕಾಲೇಜಿಲ್ಲ. ಹೆರಿಗೆ ಕಷ್ಟವಾಯಿತೆಂದರೆ ಹರಪನಹಳ್ಳಿಯವರು ದಾವಣಗೆರೆಗೆ ಓಡುತ್ತಾರೆ, ಕೂಡ್ಲಿಗಿಯವರು ಬಳ್ಳಾರಿಗೆ. ಹಡಗಲಿಯಿಂದ ಬಳ್ಳಾರಿಗೆ ನೂರು ಕಿಲೋಮೀಟರ್‌ಗೂ ಹೆಚ್ಚು ದಾರಿ.

ಆಸ್ಪತ್ರೆಯ ಕಟ್ಟಡಗಳಿಗೆ ಇಲ್ಲಿ ಅಂಥ ಬರವಿಲ್ಲ. ಬರ ಇರುವುದು ಅವುಗಳೊಳಗೆ ವರ್ಷಗಟ್ಟಲೆ ಉಳಿಯುವ ವೈದ್ಯರಿಗೆ. ಇದು ದೇಶದ್ದೇ ಕಥೆ: 2021–22ರ ಕೇಂದ್ರ ಸರ್ಕಾರದ ಅಂಕಿಅಂಶದ ಪ್ರಕಾರ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞ ವೈದ್ಯರ ಪೈಕಿ ಸುಮಾರು ಶೇ 80ರಷ್ಟು ಕೊರತೆ ಇತ್ತು. ಹಾಗಾದರೆ ಇಂದು ಎಂಬಿಬಿಎಸ್ ಮೊದಲ ವರ್ಷದಲ್ಲಿ ಕೂತಿರುವವರಲ್ಲಿ ಯಾರು ಹಳ್ಳಿ ಕಡೆ ಬರಬಹುದು, ಯಾರು ಬರಲಾರರು ಎಂದು ಮೊದಲೇ ಹೇಳಲು ಸಾಧ್ಯವೇ?

ಸ್ವಲ್ಪಮಟ್ಟಿಗೆ ಸಾಧ್ಯ ಎನ್ನುತ್ತದೆ ವಿಜ್ಞಾನ. ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜು 1974ರಲ್ಲಿ ಒಂದು ಯೋಜನೆ ಶುರುಮಾಡಿತು. ಹಳ್ಳಿಗಾಡಿನಲ್ಲಿ ಬೆಳೆದ, ಊರಿನ ಕುಟುಂಬ ವೈದ್ಯರಾಗುವ ಮನಸ್ಸಿದ್ದ ಕೆಲವೇ ವಿದ್ಯಾರ್ಥಿಗಳನ್ನು ಆರಿಸಿ ಸೇರಿಸಿಕೊಂಡಿತು. ಅದರ ಫಲವನ್ನು ಹವರ್ಡ್ ರಾಬಿನೊವಿಟ್ಸ್ ತಂಡ 1999ರಲ್ಲಿ ಪ್ರಕಟಿಸಿತು. ಪೆನ್ಸಿಲ್ವೇನಿಯಾದ ಏಳು ವೈದ್ಯಕೀಯ ಕಾಲೇಜುಗಳಿಂದ ಹೊರಬಂದವರಲ್ಲಿ ಈ ಯೋಜನೆಯವರು ಶೇ 1 ಮಾತ್ರ. ಆದರೆ ಆ ಕಾಲೇಜುಗಳಲ್ಲಿ ಓದಿ ಅದೇ ರಾಜ್ಯದ ಹಳ್ಳಿಗಳಲ್ಲಿದ್ದ ಕುಟುಂಬ ವೈದ್ಯರಲ್ಲಿ ಅವರದೇ ಪಾಲು ಶೇ 21.

ಎರಡು ವರ್ಷದ ಬಳಿಕ ಅದೇ ತಂಡ ಇನ್ನೊಂದು ಪ್ರಶ್ನೆ ಎತ್ತಿಕೊಂಡಿತು: ಇದು ಕಾಲೇಜಿನ ಪಾಠದ ಮಹಿಮೆಯೋ, ಆಯ್ಕೆಯದೋ? ಯೋಜನೆಗೆ ಸೇರದಿದ್ದರೂ ಹಳ್ಳಿಯಲ್ಲಿ ಬೆಳೆದು, ಕುಟುಂಬ ವೈದ್ಯರಾಗುವ ಆಸೆಯಿಂದಲೇ ಓದಿಗೆ ಬಂದಿದ್ದವರೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿದ್ದರು. ಈ ಎರಡೂ ಇಲ್ಲದವರಲ್ಲಿ ಹಳ್ಳಿಯ ಪ್ರಾಥಮಿಕ ವೈದ್ಯರಾದವರು ಶೇ 1.8 ಮಾತ್ರ. ಅಂದರೆ ತೀರ್ಮಾನದ ದೊಡ್ಡ ಪಾಲು ಕಾಲೇಜಿನ ಗೇಟು ದಾಟುವ ಮೊದಲೇ ಆಗಿಹೋಗಿರುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ 2003ರಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿತು. ಅಲ್ಲಿ ಹಳ್ಳಿ ಮೂಲದ ವೈದ್ಯರಲ್ಲಿ ಶೇ 38ರಷ್ಟು ಮಂದಿ ಗ್ರಾಮೀಣ ಸೇವೆಯಲ್ಲಿದ್ದರು. ನಗರ ಮೂಲದವರಲ್ಲಿ ಶೇ 12ರಷ್ಟು. ವಿಶ್ವ ಆರೋಗ್ಯ ಸಂಸ್ಥೆ 2010ರ ಮಾರ್ಗಸೂಚಿಯಲ್ಲಿ ಗ್ರಾಮೀಣ ಹಿನ್ನೆಲೆಯವರಿಗೆ ಪ್ರವೇಶದಲ್ಲಿ ಆದ್ಯತೆ ಕೊಡಿ ಎಂದಿರುವುದು ಇಂಥ ಪುರಾವೆಗಳ ಬಲದಿಂದಲೇ.

ಆದರೆ ಆ ಶೇ 38ನ್ನು ತಿರುಗಿಸಿ ನೋಡಬೇಕು. ಹಳ್ಳಿಯಿಂದ ಬಂದವರಲ್ಲೂ ಶೇ 62 ಮಂದಿ ಮರಳಲಿಲ್ಲ! ಹಿನ್ನೆಲೆ ಎಂಬುದು ಹಣೆಬರಹವಲ್ಲ, ಸಂಭವ ಮಾತ್ರ. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ನಮ್ಮಲ್ಲಿದೆ. ಬೆಂಗಳೂರಿನ ಅಂಚಿನ ಯಮಲೂರಿನಲ್ಲಿ ಹುಟ್ಟಿ, ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ನೆಲೆಸಿದರು. ಅಂಥವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆಂದು ನಂಬಿ ಸರ್ಕಾರ ನೀತಿ ಮಾಡಲಾಗದು.

ಹಳ್ಳಿಯ ಮಗುವಿಗೆ ಹಳ್ಳಿಯ ಮೇಲೆ ವಿಶೇಷ ಪ್ರೀತಿ ಎಂದೇನೂ ಭಾವಿಸಬೇಕಿಲ್ಲ. ಬಹಳ ಸಲ ಅದಕ್ಕೆ ಅಲ್ಲಿಂದ ತಪ್ಪಿಸಿಕೊಂಡರೆ ಸಾಕಾಗಿರುತ್ತದೆ. ಆದರೆ ಕರೆಂಟು ಹೋಗುವುದು, ಕೊನೆಯ ಬಸ್ಸು ಬೇಗ ಹೋಗುವುದು ಅದನ್ನು ಹೆದರಿಸುವುದಿಲ್ಲ. ಅಪ್ಪ ಅಮ್ಮ ಅಲ್ಲೇ ಇರುತ್ತಾರೆ. ಅಜ್ಜಿಯೊಬ್ಬಳು 'ಎದಿ ಹಿಡಕಂಡೈತಿ' ಎಂದರೆ ಇನ್ನೊಮ್ಮೆ ಕೇಳಬೇಕಾಗಿಲ್ಲ.

ಈಗ ನಮ್ಮ ನಿಯಮಗಳಿಗೆ ಬರೋಣ. ಸಂವಿಧಾನದ 98ನೇ ತಿದ್ದುಪಡಿ ತಂದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ. 1997ರಲ್ಲಿ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿಗೆ ಇದು ದಕ್ಕಿದ್ದು ತಡವಾಗಿ, ಹೋರಾಟದ ನಂತರ. ಒಳ್ಳೆಯ ವಿಧಿಯೇ. ಆದರೆ ಬಳ್ಳಾರಿ ನಗರದ ನರ್ಸಿಂಗ್ ಹೋಮ್ ಮಾಲೀಕರ ಮಗನಿಗೂ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕುರಿಗಾಹಿಯ ಮಗಳಿಗೂ ಸಿಗುವುದು ಒಂದೇ ಪ್ರಮಾಣಪತ್ರ.

ಹಳ್ಳಿ ಮಕ್ಕಳಿಗೆಂದೇ ಇರುವುದು ಶೇ 15ರ ಗ್ರಾಮೀಣ ಮೀಸಲಾತಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲೇ ಓದಿರಬೇಕು; ಪಟ್ಟಣ ಪಂಚಾಯಿತಿ, ಪುರಸಭೆ ವ್ಯಾಪ್ತಿಯ ಶಾಲೆ ಲೆಕ್ಕಕ್ಕಿಲ್ಲ. ಹೀಗಾಗಿ ಕೂಡ್ಲಿಗಿ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹಳ್ಳಿ ಹುಡುಗ ಕಾಗದದ ಮೇಲೆ ನಗರವಾಸಿ! ಅಧ್ಯಯನಗಳು ಕೇಳುವುದು 'ಎಲ್ಲಿ ಬೆಳೆದೆ' ಎಂದು, ನಮ್ಮ ಅರ್ಜಿ ಕೇಳುವುದು 'ಯಾವ ಶಾಲೆ' ಎಂದು. 'ಏನಾಗಬೇಕೆಂದಿದ್ದೀ' ಎಂದು ಯಾರೂ ಕೇಳುವುದಿಲ್ಲ, ನೀಟ್ ರ‍್ಯಾಂಕ್ ಬಂದರೆ ಮುಗಿಯಿತು.

ರಾಜ್ಯದ 2012ರ ಕಾನೂನು ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷದ ಗ್ರಾಮೀಣ ಸೇವೆಯನ್ನು ಕಡ್ಡಾಯ ಮಾಡಿತು, ಮುಂದೆ ತಿದ್ದುಪಡಿಗಳೂ ಆದವು. ಒಂದು ವರ್ಷದ ಡಾಕ್ಟರು ಬರುತ್ತಾರೆ, ಪಿಜಿ ಪರೀಕ್ಷೆಗೆ ಓದಿಕೊಳ್ಳುತ್ತಾರೆ, ಹೋಗುತ್ತಾರೆ. ಜನ ಮುಖ ಪರಿಚಯ ಮಾಡಿಕೊಳ್ಳುವ ಹೊತ್ತಿಗೆ ಬೇರೊಬ್ಬರು ಬಂದಿರುತ್ತಾರೆ.

ಜಪಾನ್ ಈ ಗಂಟನ್ನು 1972ರಲ್ಲೇ ಬೇರೆ ರೀತಿ ಬಿಡಿಸಿತು. ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಅಲ್ಲಿನ 47 ಪ್ರಾಂತಗಳಲ್ಲಿ ಪ್ರತಿಯೊಂದರಿಂದ ವರ್ಷಕ್ಕೆ ಎರಡು ಮೂರು ವಿದ್ಯಾರ್ಥಿಗಳನ್ನು ಆರಿಸುತ್ತದೆ. ಶುಲ್ಕದ ಹೊರೆ ಪ್ರಾಂತದ್ದು. ಪದವಿಯ ಬಳಿಕ ಒಂಬತ್ತು ವರ್ಷ ತವರು ಪ್ರಾಂತದಲ್ಲೇ ಸೇವೆ, ಅದರಲ್ಲಿ ಒಂದು ಭಾಗ ಹಳ್ಳಿಗಾಡಿನಲ್ಲಿ. ಬಹುಪಾಲು ಮಂದಿ ಒಪ್ಪಂದವನ್ನು ಪೂರೈಸಿದ್ದಾರೆ.

ಇದೇ ಮಾದರಿಯಲ್ಲಿ, 1961ರಿಂದ ನಡೆಯುತ್ತಿರುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಈ ಐದು ತಾಲ್ಲೂಕುಗಳಿಗೆ ವರ್ಷಕ್ಕೆ ಎರಡೆರಡು ಸೀಟು ಮೀಸಲಿಟ್ಟರೆ ಆಗುವುದು ಹತ್ತು. ಶುಲ್ಕ ಸರ್ಕಾರದ್ದು, ಕೆಲಸ ತವರು ತಾಲ್ಲೂಕಿನ ಆಸ್ಪತ್ರೆಯಲ್ಲಿ, ಸೇವೆ ಮುಗಿಸಿದವರಿಗೆ ಸ್ತ್ರೀರೋಗ, ಮಕ್ಕಳ ರೋಗ, ಅರಿವಳಿಕೆ ವಿಭಾಗಗಳಲ್ಲಿ ಪಿಜಿ ಸೀಟು. ಸೇವಾನಿರತ ವೈದ್ಯರಿಗೆ ಪಿಜಿಯಲ್ಲಿ ಪಾಲು ಕೊಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಈ ಭಾಗದ ಶಾಸಕರು ಹೊಸ ಮೆಡಿಕಲ್ ಕಾಲೇಜಿನ ಕಟ್ಟಡಕ್ಕೆ ಬೇಡಿಕೆ ಇಡುವ ಮೊದಲು ಈ ಹತ್ತು ಸೀಟುಗಳನ್ನು ಕೇಳಲಿ.