ಟರಾಂಟುಲಾ ಎಂಬ ಮಿತಾಹಾರಿ

ನಾಯಿ, ಬೆಕ್ಕು, ಗಿಳಿಗಳನ್ನು ಸಾಕುವವರನ್ನು ನಾವೆಲ್ಲರೂ ಬಲ್ಲೆವು. ಆದರೆ ಯೂರೋಪು ಅಮೆರಿಕಗಳ ಎಷ್ಟೋ ಮನೆಗಳಲ್ಲಿ ಅಂಗೈಯಗಲದ, ಮೈತುಂಬ ರೋಮವುಳ್ಳ ಜೇಡವೊಂದು ಗಾಜಿನ ಪೆಟ್ಟಿಗೆಯೊಳಗೆ ಸಾಕುಪ್ರಾಣಿಯಾಗಿ ಬಾಳುತ್ತಿದೆಯೆಂದರೆ ಹಲವರಿಗೆ ಆಶ್ಚರ್ಯವಾದೀತು. ಇದೇ ಟರಾಂಟುಲಾ. ಇಟಲಿಯ ಟಾರಾಂಟೊ ಪಟ್ಟಣದ ಸುತ್ತಮುತ್ತಲಿನ ಬೇರೊಂದು ಜೇಡಕ್ಕೆ ಸಲ್ಲುತ್ತಿದ್ದ ಈ ಹೆಸರು ಈಗ 1000ಕ್ಕೂ ಹೆಚ್ಚು ಜಾತಿಗಳುಳ್ಳ ಥೆರಫೋಸಿಡೇ ಎಂಬ ಕುಟುಂಬಕ್ಕೆ ಅಂಟಿಕೊಂಡಿದೆ. ಸಾಕುವವರಿಗೆ ಬಲು ಮೆಚ್ಚಿಗೆಯಾದುದು ಮೆಕ್ಸಿಕೊ ದೇಶದ ಕೆಂಪು ಮೊಣಕಾಲಿನ ಟರಾಂಟುಲಾ. ಹೊಸದಾಗಿ ಇದನ್ನು ಮನೆಗೆ ತಂದವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಮೂರು: ಇದು ಎಷ್ಟು ಬೇಗ ಬೆಳೆಯುತ್ತದೆ? ಎಷ್ಟು ವೇಗವಾಗಿ ಓಡುತ್ತದೆ? ಎಷ್ಟು ತಿನ್ನುತ್ತದೆ? ಈ ಉತ್ತರಗಳನ್ನು ಅರಿಯದೆ ತೋರಿಸುವ ಅಕ್ಕರೆಯಿಂದಲೇ ಜೇಡ ಸಾಯುವುದುಂಟು.

ಮೊದಲು ಬೆಳವಣಿಗೆಯ ವಿಷಯ. ಮರಿಯ ಮೈ ಕೆಲವೇ ಮಿಲಿಮೀಟರು. ಬೆಳೆದ ಹೆಣ್ಣಿನ ಕಾಲುಗಳ ಹರವು ಸುಮಾರು 15 ಸೆಂಟಿಮೀಟರು. ಜೇಡದ ಅಸ್ಥಿಪಂಜರವಿರುವುದು ಮೈಯ ಹೊರಗೆ. ಒಮ್ಮೆ ಗಟ್ಟಿಯಾದ ಆ ಕವಚ ಹಿಗ್ಗಲಾರದು. ಆದುದರಿಂದ ಹಾವು ಪೊರೆ ಬಿಡುವಂತೆ ಜೇಡವೂ ಹಳೆಯ ಕವಚವನ್ನು ಕಳಚಿ, ಒಳಗೆ ಸಿದ್ಧವಾಗಿರುವ ಮೆತ್ತನೆಯ ಹೊಸ ಕವಚ ಬಿಗಿಯುವುದರೊಳಗೆ ಹಿಗ್ಗಿಕೊಳ್ಳಬೇಕು. ಹೀಗೆ ಅದು ಮೆಟ್ಟಿಲುಮೆಟ್ಟಿಲಾಗಿ ಬೆಳೆಯುತ್ತದೆ.

1912ರಲ್ಲಿ ವಿಯೆನ್ನಾದ ಹಾನ್ಸ್ ಪ್ರಿಬ್ರಾಮ್ ಎಂಬ ವಿಜ್ಞಾನಿ ಕೀಟಗಳನ್ನು ಸಾಕಿ, ತೂಗಿ, ಒಂದು ಸರಳವಾದ ಲೆಕ್ಕವನ್ನು ಮುಂದಿಟ್ಟರು. ಪ್ರತಿ ಪೊರೆಗೂ ತೂಕ ಇಮ್ಮಡಿಯಾಗಬೇಕಾದರೆ ಉದ್ದ 1.26 ಪಟ್ಟು ಹೆಚ್ಚಿದರೆ ಸಾಕು, ಏಕೆಂದರೆ 1.26ರ ಘನವೇ 2. ಜೇಡಗಳು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲ. ಆದರೂ ಇದರಿಂದ ಬೆಳವಣಿಗೆಯ ರೀತಿ ಸ್ಪಷ್ಟವಾಗುತ್ತದೆ: ಈ ಲೆಕ್ಕದಂತೆ ಹತ್ತು ಸಲ ಪೊರೆ ಬಿಡುವಷ್ಟರಲ್ಲಿ ಉದ್ದ ಸುಮಾರು 10 ಪಟ್ಟಾದರೆ ತೂಕ 1024 ಪಟ್ಟಾಗಿರುತ್ತದೆ. ಮರಿಗಳು ವರ್ಷಕ್ಕೆ ಹಲವು ಸಲ ಪೊರೆ ಬಿಡುತ್ತವೆ. ಬೆಳೆದ ಹೆಣ್ಣು ವರ್ಷಕ್ಕೊಮ್ಮೆ, ಅಥವಾ ಇನ್ನೂ ಅಪರೂಪವಾಗಿ. ಕೆಂಪು ಮೊಣಕಾಲಿನ ಹೆಣ್ಣು ಪ್ರಾಯಕ್ಕೆ ಬರಲು ಹಲವು ವರ್ಷಗಳು ಬೇಕು. ಅದು 20 ವರ್ಷ ಮೀರಿಯೂ ಬಾಳಬಲ್ಲುದು. ಗಂಡಿನ ಬಾಳು ಇದಕ್ಕಿಂತ ಬಹಳ ಕಿರಿದು.

ಪೊರೆ ಬಿಡುವಾಗ ಟರಾಂಟುಲಾ ಸಾಮಾನ್ಯವಾಗಿ ಬೆನ್ನಡಿಯಾಗಿ ಮಲಗುತ್ತದೆ. ಸತ್ತಿತೆಂದು ಬಗೆದು ಅದನ್ನು ಮುಟ್ಟಬಾರದು, ತಿರುಗಿಸಲೂಬಾರದು. ಆಗ ಅದರ ಮೈ ಬೆಣ್ಣೆಯಷ್ಟು ಮೃದು. ವಿಷದ ಹಲ್ಲುಗಳೂ ಬೆಳ್ಳಗೆ, ಮೆತ್ತಗೆ ಇರುತ್ತವೆ. ಆಹಾರಕ್ಕೆಂದು ಬಿಟ್ಟ ಚಿಮ್ಮಂಡೆ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಬೇಟೆಯೇ ಬೇಟೆಗಾರನನ್ನು ಕಚ್ಚಿ ಗಾಯಗೊಳಿಸೀತು. ನಿಜವಾಗಿ ಸತ್ತ ಜೇಡದ ಗುರುತು ಬೇರೆ: ಅದರ ಕಾಲುಗಳು ಒಳಕ್ಕೆ ಮುದುರಿಕೊಂಡಿರುತ್ತವೆ.

ಹೀಗೇಕೆ? ನಮ್ಮ ಮೊಣಕಾಲನ್ನು ಮಡಿಸಲು ಒಂದು ಸ್ನಾಯು, ಚಾಚಲು ಇನ್ನೊಂದು ಇದೆ. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಿಸುವ ಸ್ನಾಯು ಮಾತ್ರ ಉಂಟು. ಚಾಚುವ ಕೆಲಸ ರಕ್ತದ ಒತ್ತಡದ್ದು. ಮೋಟಾರು ಗಾಡಿಯ ಬ್ರೇಕಿನಲ್ಲಿ ಎಣ್ಣೆಯ ಒತ್ತಡ ಕೆಲಸ ಮಾಡುವಂತೆಯೇ. 1959ರಲ್ಲಿ ಪ್ಯಾರಿ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು ಮನೆಜೇಡವೊಂದರ ಕಾಲಿನಲ್ಲಿ ಈ ಒತ್ತಡವನ್ನು ಅಳೆದರು. ವಿಶ್ರಾಂತಿಯಲ್ಲಿ ಅದು ಸುಮಾರು 5 ಸೆಂಟಿಮೀಟರು ಪಾದರಸದಷ್ಟು. ಕ್ಷಣಕಾಲ 40ರವರೆಗೂ ಏರಬಲ್ಲುದು. ಆರೋಗ್ಯವಂತ ಮನುಷ್ಯನ ರಕ್ತದ ಮೇಲೊತ್ತಡ ಸುಮಾರು 12 ಮಾತ್ರ. ಪ್ರಾಣ ಹೋದೊಡನೆ ಒತ್ತಡವೂ ಹೋಗುತ್ತದೆ, ಕಾಲುಗಳು ಮುದುರುತ್ತವೆ.

ವೇಗ ಉಷ್ಣಮಾನವನ್ನೂ ಅವಲಂಬಿಸಿದೆ. ಕ್ಯಾಲಿಫೋರ್ನಿಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ ಕಂದು ಟರಾಂಟುಲಾ 15 ಡಿಗ್ರಿ ಸೆಲ್ಸಿಯಸಿನಲ್ಲಿ ಸೆಕೆಂಡಿಗೆ ಸುಮಾರು 20 ಸೆಂಟಿಮೀಟರು, 40 ಡಿಗ್ರಿಯಲ್ಲಿ ಸುಮಾರು 53 ಸೆಂಟಿಮೀಟರು ಓಡಿತು. ವೇಗ ಹೆಚ್ಚಿದಂತೆ ದ್ರವಚಾಲಿತ ಕೀಲುಗಳ ಪರಸ್ಪರ ಹೊಂದಾಣಿಕೆ ಕುಗ್ಗಿತೆಂಬುದು ಇನ್ನೊಂದು ಸ್ವಾರಸ್ಯ. ಸೆಕೆಂಡಿಗೆ 53 ಸೆಂಟಿಮೀಟರೆಂದರೆ ಗಂಟೆಗೆ 2 ಕಿಲೋಮೀಟರಿಗೂ ಕಡಿಮೆ. ನಾವು ನಡೆದೇ ಹಿಂದಿಕ್ಕಬಹುದು. ಆದರೆ ಕಣ್ಣು ಮಿಟುಕಿಸುವುದರೊಳಗೆ ಅಂಗೈಯಿಂದ ಮೊಣಕೈಗೆ ಏರಲು, ಅಲ್ಲಿಂದ ಬೀಳಲು ಅಷ್ಟು ಸಾಕು. ಒಂದು ಮೀಟರು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 4.4 ಮೀಟರು, ಎಂದರೆ ಗಂಟೆಗೆ 16 ಕಿಲೋಮೀಟರು. ತೆಳುಚರ್ಮದ ಹೊಟ್ಟೆ ಆ ಪೆಟ್ಟಿಗೆ ಒಡೆದರೆ ರಕ್ತ ಸೋರಿ ಜೇಡ ಉಳಿಯುವುದು ಕಷ್ಟ. ಅದನ್ನು ಕೈಯಲ್ಲಿ ಆಡಿಸಬಾರದೆಂಬುದಕ್ಕೆ ಕಡಿತದ ಭಯಕ್ಕಿಂತ ಇದೇ ಬಲವಾದ ಕಾರಣ. ಹೊಟ್ಟೆಯ ಮೇಲಿನ ತುರಿಕೆಯ ರೋಮಗಳು ನಮ್ಮ ಕಣ್ಣಿಗೆ ತರುವ ಅಪಾಯವೂ ಸಣ್ಣದಲ್ಲ.

ಇನ್ನು ಹಸಿವು. ಸಣ್ಣ ಮೂಗಿಲಿಯೊಂದು ಪ್ರತಿದಿನವೂ ತನ್ನ ತೂಕದಷ್ಟೇ ತಿನ್ನಬೇಕು. ಅದರ ಬಹುಭಾಗ ಮೈಯನ್ನು ಬಿಸಿಯಾಗಿಡಲೆಂದೇ ಖರ್ಚಾಗುತ್ತದೆ. ಟರಾಂಟುಲಾಕ್ಕೆ ಆ ಖರ್ಚಿಲ್ಲ. ಹೊಂಚುಹಾಕಿ ಕುಳಿತು ಬಾಳುವ ಪ್ರಾಣಿಯಾದುದರಿಂದ ಓಡಾಟದ ವೆಚ್ಚವೂ ಅಲ್ಪ. ಬೆಳೆದ ಜೇಡಕ್ಕೆ ವಾರಕ್ಕೆ ಒಂದೆರಡು ಚಿಮ್ಮಂಡೆಗಳು ಧಾರಾಳವಾಯಿತು. ಬೇಟೆಯ ಮೇಲೆ ಜೀರ್ಣರಸವನ್ನು ಸುರಿದು, ಕರಗಿದ್ದನ್ನು ಹೀರಿ, ಉಳಿದುದನ್ನು ಉಂಡೆಮಾಡಿ ಎಸೆಯುತ್ತದೆ. ಪೊರೆ ಬಿಡುವ ಮುನ್ನ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುವುದೂ ಉಂಟು. ಗಾಬರಿಗೊಂಡು ಬಲವಂತ ಮಾಡುವುದು ಬೇಡ. ಹೊಟ್ಟೆ ಸೊರಗಿಲ್ಲವಾದರೆ, ತಟ್ಟೆಯಲ್ಲಿ ನೀರಿದ್ದರೆ ಸಾಕು. ಅತಿಯಾಗಿ ಉಣಿಸಿ ಉಬ್ಬಿದ ಹೊಟ್ಟೆ ಒಡೆಯುವುದೂ ಸುಲಭ.

ನಿಧಾನವೇ ಈ ಜೇಡದ ಬಲ. ಮನುಷ್ಯನ ಮುಂದೆ ಅದೇ ಅದರ ದೌರ್ಬಲ್ಯವಾಗಿದೆ. ವರ್ಷಗಳ ಕಾಲ ಬೆಳೆದ ಹೆಣ್ಣನ್ನು ಬಿಲದಿಂದ ಅಗೆದು ಮಾರಿದರೆ ಅದರ ಜಾಗ ತುಂಬಲು ಮತ್ತೆ ಅಷ್ಟೇ ವರ್ಷಗಳು ಬೇಕು. ಇದರಿಂದಾಗಿ ಮೆಕ್ಸಿಕೊದ ಕೆಂಪು ಮೊಣಕಾಲಿನ ಟರಾಂಟುಲಾ 1985ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು. ಭಾರತ ಮತ್ತು ಶ್ರೀಲಂಕಾಗಳ ಮರವಾಸಿ ಪೋಸಿಲೋಥೀರಿಯಾ ಜೇಡಗಳಿಗೆ ಇದೇ ರಕ್ಷಣೆ ದೊರೆತದ್ದು 2019ರಲ್ಲಿ. ಮೈಸೂರಿನ ಹೆಸರು ಹೊತ್ತ ಪೋಸಿಲೋಥೀರಿಯಾ ಸ್ಟ್ರಯೇಟಾ ಅವುಗಳಲ್ಲೊಂದು. ಆಂಧ್ರದ ಗುತ್ತಿಯಲ್ಲಿ ಮೊದಲು ದೊರೆತು 1899ರಲ್ಲಿ ವರ್ಣಿಸಲ್ಪಟ್ಟ ನೀಲಿ ಬಣ್ಣದ ಜೇಡ ಇನ್ನೊಂದು. ಅದು ಈಗ ಅಳಿವಿನ ಅಂಚಿನಲ್ಲಿದೆ. ಆದುದರಿಂದ ಟರಾಂಟುಲಾವನ್ನು ಸಾಕಬಯಸುವವರು ಅದರ ಆಹಾರವನ್ನು ವಿಚಾರಿಸುವ ಮೊದಲು ಅದರ ಜನ್ಮಸ್ಥಳವನ್ನು ವಿಚಾರಿಸಬೇಕು. ಕಾಡಿನಿಂದ ಹಿಡಿದು ತಂದುದಾದರೆ ಕೊಳ್ಳದಿರುವುದೇ ಧರ್ಮ.