ಉಸಿರು ಸಾಲದ ಎತ್ತರದಲ್ಲಿ

ಲಡಾಖಿನ ನುಡಿಯಲ್ಲಿ ‘ಲಾ’ ಎಂದರೆ ಗಿರಿಗಳ ನಡುವಣ ಕಂಡಿ. ಮನಾಲಿಯಿಂದ ಲೇಹ್ ಪಟ್ಟಣಕ್ಕೆ ಮೋಟಾರು ಸೈಕಲ್ಲಿನ ಮೇಲೆ ಹೊರಟವರು ಇಂತಹ ಹಲವು ಕಂಡಿಗಳನ್ನು ಏರಿಳಿಯಬೇಕು. 2020ರಲ್ಲಿ ತೆರೆದ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗದಿಂದ ರೋಹ್ತಾಂಗಿನ ಏರು ತಪ್ಪಿತು. ಬಾರಾಲಾಚಾ, ತಂಗ್ಲಾಂಗ್ ಕಂಡಿಗಳು ತಪ್ಪಿದ್ದಲ್ಲ.

ತಂಗ್ಲಾಂಗಿನ ಎತ್ತರ ಸುಮಾರು 5,300 ಮೀಟರು. ಅಲ್ಲಿಯ ಗಾಳಿಯ ಒತ್ತಡ ಕಡಲತಡಿಯಲ್ಲಿರುವುದರ ಅರ್ಧದಷ್ಟೇ. ನನ್ನ ಹಳೆಯ ವಾಹನದ ಕಾರ್ಬುರೇಟರಿನಲ್ಲಿ ಪೆಟ್ರೋಲಿಗೆ ಕೊರತೆಯಿರಲಿಲ್ಲ, ಅದನ್ನು ಉರಿಸುವ ಗಾಳಿಗೆ ಕೊರತೆ. ಎಂಜಿನು ಕಪ್ಪು ಹೊಗೆಯುಗುಳಿ ಮುಗ್ಗರಿಸಿತು. ಇಳಿದು ಹತ್ತು ಹೆಜ್ಜೆ ನಡೆದ ನನ್ನ ಪಾಡೂ ಅದೇ. ಯಂತ್ರಕ್ಕೂ ಮನುಷ್ಯನಿಗೂ ಅಲ್ಲಿ ಒಂದೇ ಬಡತನ.

ಅದೇ ಗಾಳಿಯನ್ನು ಉಸಿರಾಡುತ್ತ ಜಾರ್ಖಂಡಿನ ಕೂಲಿಕಾರರು ರಸ್ತೆಯಂಚಿನಲ್ಲಿ ಜಲ್ಲಿ ಹರಡುತ್ತಿದ್ದರು. ಹಿಮ ಕರಗಿದ ನೀರು ಕೊಚ್ಚಿಕೊಂಡು ಹೋದ ದಾರಿಯನ್ನು ಪ್ರತಿ ಬೇಸಗೆಯಲ್ಲಿಯೂ ಮರಳಿ ಕಟ್ಟುವವರು ಇಂತಹ ಕೈಗಳೇ. ಕಂಡಿಯ ನೆತ್ತಿಯಲ್ಲಿರುವ ಫಲಕ ಎತ್ತರವನ್ನು ಸಾರುತ್ತದೆ. ಅದರ ಮುಂದೆ ನಿಂತು ನಾವು ಚಿತ್ರ ತೆಗೆಸಿಕೊಳ್ಳುತ್ತೇವೆ. ನಮಗೆ ಅಲ್ಲಿ ಕಾಲು ಗಂಟೆಯೇ ಹೆಚ್ಚು; ಅವರಿಗೆ ಬೇಸಗೆಯೆಲ್ಲ ಅಲ್ಲಿಯೇ ದುಡಿಮೆ. ಪ್ರವಾಸಕಥನ ಬರೆಯುವವರು ತಾವು ದಾಟಿದ ಕಂಡಿಗಳನ್ನು ಎಣಿಸುವ ಮೊದಲು ಈ ಜನರನ್ನು ನೆನೆಯುವುದು ನ್ಯಾಯ.